ಉಪ್ಪುನೀರಿನ ಟ್ಯಾಂಕಿನಲ್ಲಿ ನೈಟ್ರೇಟ್ 80ಕ್ಕೇ ನಿಂತಿದೆ, ನೀರು ಬದಲಿಸಿದರೂ ಇಳಿಯುತ್ತಿಲ್ಲ. ಏಕೆ?

ಪ್ರಶ್ನೆ: ಸರ್, ನಮ್ಮದು ಚಿಂತಾಮಣಿ. ಮನೆಯ ಹಾಲ್‌ನಲ್ಲಿ 200 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಇಟ್ಟು ಹತ್ತು ತಿಂಗಳಾಯಿತು. ಎರಡು ಕ್ಲೌನ್ ಮೀನು, ಎರಡು ಡ್ಯಾಮ್ಸೆಲ್, ಒಂದು ಸಿಗಡಿ ಇವೆ. ಕ್ಯಾನಿಸ್ಟರ್ ಫಿಲ್ಟರ್ (ಟ್ಯಾಂಕಿನ ಹೊರಗಿಡುವ ಮುಚ್ಚಿದ ಡಬ್ಬಿಯ ಫಿಲ್ಟರ್) ಮತ್ತು ಚಿಕ್ಕದೊಂದು ಪ್ರೋಟೀನ್ ಸ್ಕಿಮ್ಮರ್ (ಕೊಳೆಯನ್ನು ನೊರೆಯಾಗಿ ಎತ್ತಿ ತೆಗೆಯುವ ಸಾಧನ) ಇದೆ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ. ನೈಟ್ರೇಟ್ ಮಾತ್ರ ನಾಲ್ಕು ತಿಂಗಳಿಂದ ಲೀಟರಿಗೆ 80 ಮಿಲಿಗ್ರಾಂಗೇ ನಿಂತಿದೆ. ಪ್ರತಿ ಭಾನುವಾರ 40 ಲೀಟರ್ ನೀರು ಬದಲಿಸುತ್ತೇನೆ, ಅದೂ ಆರ್‌ಒ ನೀರು. ಅಂಗಡಿಯವರು ಬಯಾಲಾಜಿಕಲ್ ಫಿಲ್ಟರ್ ಸಾಲುತ್ತಿಲ್ಲ, ದೊಡ್ಡ ಕ್ಯಾನಿಸ್ಟರ್ ತಗೊಳ್ಳಿ, ಬ್ಯಾಕ್ಟೀರಿಯಾ ಬಾಟಲಿ ಹಾಕಿ ಅಂತಾರೆ. ಏನು ಮಾಡಲಿ? ಅನಿಮೋನ್ (ಕ್ಲೌನ್ ಮೀನು ಆಸರೆ ಪಡೆಯುವ, ಹೂವಿನಂತೆ ಕಾಣುವ ಕಡಲ ಪ್ರಾಣಿ) ಇಡಬೇಕು ಅಂತ ಮಗಳಿಗೆ ತುಂಬಾ ಆಸೆ.

ಉತ್ತರ: ದೊಡ್ಡ ಕ್ಯಾನಿಸ್ಟರ್ ತಗೊಳ್ಳಬೇಡಿ. ಬಾಟಲಿಯೂ ಬೇಡ. ನಿಮ್ಮ ಬಯಾಲಾಜಿಕಲ್ ಫಿಲ್ಟರ್ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇವೆ ಅಂದರೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇಲ್ಲಿ ಬಹಳ ಜನ ಎಡವುತ್ತಾರೆ. ಫಿಲ್ಟರ್ ಅಂದ ಕೂಡಲೇ ಅದು ಎಲ್ಲ ಕೊಳೆಯನ್ನೂ ತೆಗೆಯುತ್ತದೆ ಅಂದುಕೊಳ್ಳುತ್ತೇವೆ. ಬಯಾಲಾಜಿಕಲ್ ಫಿಲ್ಟರ್ ನೈಟ್ರೇಟನ್ನು ತೆಗೆಯುವುದಿಲ್ಲ, ತಯಾರು ಮಾಡುತ್ತದೆ. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ. ತಿನ್ನದೆ ಬಿಟ್ಟ ಆಹಾರ ಕೊಳೆತರೂ ಅಮೋನಿಯಾ. ಸ್ಪಾಂಜ್, ಸೆರಾಮಿಕ್ ರಿಂಗ್, ಕಲ್ಲು, ಮರಳು, ಇವುಗಳ ಮೈಮೇಲೆ ಅಂಟಿಕೊಂಡ ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಇನ್ನೊಂದು ಗುಂಪು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅಲ್ಲಿಗೆ ಅವುಗಳ ಕೆಲಸ ಮುಗಿಯಿತು. ಉಪ್ಪುನೀರಿನಲ್ಲಿ ಪಿಎಚ್ 8.2ರ ಹತ್ತಿರ ಇರುವುದರಿಂದ ಅಮೋನಿಯಾದ ವಿಷ ಜಾಸ್ತಿ. ಹಾಗಾಗಿ ಈ ಕೆಲಸ ನಿಂತರೆ ಮೀನು ಉಳಿಯುವುದೇ ಇಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರಲ್ಲ, ಅಂಥ ಸಂಸ್ಕರಣಾ ಘಟಕಗಳಲ್ಲೂ ದೊಡ್ಡ ತೊಟ್ಟಿಗಳಿಗೆ ಗಾಳಿ ಊದಿ ಇಂಥ ಬ್ಯಾಕ್ಟೀರಿಯಾಗಳಿಂದಲೇ ಕೆಲಸ ಮಾಡಿಸುತ್ತಾರೆ. ನಿಮ್ಮ ಹಾಲ್‌ನಲ್ಲಿರುವುದು ಅದರ ಸಣ್ಣ ರೂಪ.

ಈಗ ಹೇಳಿ, ಕ್ಯಾನಿಸ್ಟರ್ ದೊಡ್ಡದು ಮಾಡಿದರೆ ಏನಾಗುತ್ತದೆ? ಅಮೋನಿಯಾ ಈಗಲೇ ಸೊನ್ನೆ. ಸೊನ್ನೆಯನ್ನು ಇನ್ನಷ್ಟು ಸೊನ್ನೆ ಮಾಡಲಾಗುವುದಿಲ್ಲ ಅಲ್ವಾ? ಕೊಳೆ ಕೂರಲು ಜಾಗ ಜಾಸ್ತಿ ಆಗುತ್ತದೆ, ಅಷ್ಟೇ.

ನಿಮ್ಮ ಪತ್ರ ಓದಿದ ದಿನವೇ ಎರಡು ಪರೀಕ್ಷೆ ಮಾಡಲು ಹೇಳಿ ಕಳಿಸಿದ್ದೆ. ಒಂದು, ಅದೇ ನೈಟ್ರೇಟ್ ಕಿಟ್‌ನಲ್ಲಿ ಬೋರ್‌ವೆಲ್ ನೀರನ್ನು ಪರೀಕ್ಷಿಸಿ. ಇನ್ನೊಂದು, ಆರ್‌ಒ ನಲ್ಲಿಯ ನೀರನ್ನು ಪರೀಕ್ಷಿಸಿ. ನೀವು ಕಳಿಸಿದ ಉತ್ತರ: ಬೋರ್ ನೀರು 80 ಮತ್ತು 160ರ ನಡುವಿನ ಬಣ್ಣ, ಸುಮಾರು 100. ಆರ್‌ಒ ನೀರು 20 ಮತ್ತು 40ರ ನಡುವೆ, ಸುಮಾರು 30. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಅಳತೆ) ಮೀಟರಿನಲ್ಲಿ ಬೋರ್ ನೀರು 700, ಆರ್‌ಒ ನೀರು 180.

ಉತ್ತರ ಇದರಲ್ಲೇ ಇದೆ. ನೈಟ್ರೇಟ್ ಇಳಿಸಬೇಕು ಅಂತ ಪ್ರತಿ ಭಾನುವಾರ ನೀವು ಹಾಕುತ್ತಿರುವ ನೀರಿನಲ್ಲೇ ನೈಟ್ರೇಟ್ ಇದೆ.

ನಮ್ಮ ಕಡೆ ಇದು ಅಪರೂಪವೇನಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಕಡೆ ಬೋರ್‌ವೆಲ್ ನಂಬಿಕೊಂಡೇ ಬದುಕಿದ್ದೇವೆ. ಫ್ಲೋರೈಡ್ ಬಗ್ಗೆ ಎಲ್ಲರಿಗೂ ಗೊತ್ತು. ನೈಟ್ರೇಟ್ ಬಗ್ಗೆ ಮಾತಾಡುವವರು ಕಡಿಮೆ. ಟೊಮೆಟೊ, ಹಿಪ್ಪುನೇರಳೆ, ತರಕಾರಿ ತೋಟಕ್ಕೆ ಸುರಿದ ಯೂರಿಯಾ, ಊರ ಅಂಚಿನ ತಿಪ್ಪೆಗಳು, ಹಸುವಿನ ಕೊಟ್ಟಿಗೆಯ ಗಂಜಲ, ಶೌಚದ ಗುಂಡಿಗಳು, ಇವೆಲ್ಲದರ ಸಾರಜನಕ ಮಳೆ ಬಿದ್ದಾಗ ಮಣ್ಣಿನೊಳಗೆ ಇಳಿಯುತ್ತದೆ. ನೈಟ್ರೇಟ್ ಮಣ್ಣಿಗೆ ಅಂಟಿಕೊಳ್ಳುವುದಿಲ್ಲ. ನೀರಿನ ಜೊತೆ ಹರಿದು ಸೀದಾ ಕೆಳಗೆ ಹೋಗುತ್ತದೆ.

ಮೀನಿನ ಮಾತು ಒಂದು ನಿಮಿಷ ಬಿಡಿ, ಮನೆಯ ಮಾತು ಹೇಳಲೇಬೇಕು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ನಿಮ್ಮ ಆರ್‌ಒ ನೀರು ಅದರೊಳಗಿದೆ. ಬೋರ್ ನೀರು ಅದರ ಎರಡು ಪಟ್ಟು. ಅದನ್ನು ಕಾಯಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಆರು ತಿಂಗಳೊಳಗಿನ ಮಗುವಿಗೆ ಇಂಥ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕೊಟ್ಟರೆ ಮಗುವಿನ ರಕ್ತ ಆಮ್ಲಜನಕ ಹೊರಲಾಗದೆ ಮೈ ನೀಲಿಗಟ್ಟುವ ಅಪಾಯ ಇದೆ. ಅಕ್ಕಪಕ್ಕದ ಮನೆಯಲ್ಲಿ ಕೂಸು ಇದ್ದರೆ ದಯವಿಟ್ಟು ಹೇಳಿ. ಕಿಟ್‌ನ ಬಣ್ಣ ಒಂದು ಅಂದಾಜು ಮಾತ್ರ. ಬೋರ್ ನೀರನ್ನು ಲ್ಯಾಬಿಗೆ ಒಮ್ಮೆ ಕೊಟ್ಟು ಪರೀಕ್ಷೆ ಮಾಡಿಸಿ.

ಇನ್ನು ಆರ್‌ಒ ಇದ್ದೂ ನೈಟ್ರೇಟ್ ಏಕೆ ಬಂತು? ಮೆಂಬ್ರೇನ್, ಅಂದರೆ ಲವಣ ಸೋಸುವ ಪೊರೆ, ಹಾಳಾಗಿದೆ ಅಂದುಕೊಳ್ಳಬೇಡಿ. ಮನೆಯ ಆರ್‌ಒ ಯಂತ್ರ ಕುಡಿಯುವ ನೀರಿಗಾಗಿ ಮಾಡಿದ್ದು. ಮೆಂಬ್ರೇನ್ ದಾಟಿ ಬಂದ ನೀರು ಸಪ್ಪೆಯಾಗಿರುತ್ತದೆ ಅಂತ ಬಹಳಷ್ಟು ಯಂತ್ರಗಳಲ್ಲಿ ಸ್ವಲ್ಪ ಬೋರ್ ನೀರನ್ನೇ ವಾಪಸ್ ಬೆರೆಸುತ್ತಾರೆ. ಮುಚ್ಚಳ ತೆಗೆದು ನೋಡಿ. ಮೆಂಬ್ರೇನ್ ಇರುವ ಉದ್ದನೆಯ ಕೊಳವೆಯ ಪಕ್ಕದಲ್ಲಿ, ಬಿಳಿ ಪೈಪುಗಳು ಸೇರುವ ಕಡೆ, ಹುಣಸೆ ಬೀಜದಷ್ಟು ತಲೆಯ ಒಂದು ಪ್ಲಾಸ್ಟಿಕ್ ಸ್ಕ್ರೂ ಇರುತ್ತದೆ. ಸರ್ವಿಸ್ ಹುಡುಗರು ಅದಕ್ಕೆ ಟಿಡಿಎಸ್ ಕಂಟ್ರೋಲರ್ ಅಂತಾರೆ. ನೀರು ರುಚಿ ಇಲ್ಲ ಅಂತ ಯಾರಾದರೂ ಹೇಳಿದರೆ ಅದನ್ನು ಅರ್ಧ ಸುತ್ತು ತಿರುಗಿಸಿ ಹೋಗುತ್ತಾರೆ. 700 ಟಿಡಿಎಸ್ ನೀರನ್ನು ಸರಿಯಾದ ಮೆಂಬ್ರೇನ್ 50ರ ಆಸುಪಾಸಿಗೆ ಇಳಿಸಬೇಕು. ನಿಮ್ಮಲ್ಲಿ 180 ಬರುತ್ತಿದೆ. ಅಂದರೆ ಐದರಲ್ಲಿ ಒಂದು ಪಾಲು ಬೋರ್ ನೀರು ಬೆರೆಯುತ್ತಿರುವ ಹಾಗಿದೆ.

ಲೆಕ್ಕ ಬರೆದು ತೋರಿಸುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. 80 ಅನ್ನುವ ಸಂಖ್ಯೆ ಎಲ್ಲಿಂದ ಬಂತು ಅನ್ನುವುದು ಈ ಲೆಕ್ಕದಲ್ಲೇ ಇದೆ.

ಮೊದಲು ಆಹಾರ. ನೀವು ಬೆಳಗ್ಗೆ ಸಂಜೆ ಎರಡೆರಡು ಚಿಟಿಕೆ ಹಾಕುತ್ತೀರಿ. ಒಟ್ಟು ಸುಮಾರು 1 ಗ್ರಾಂ ಅಂತಿಟ್ಟುಕೊಳ್ಳಿ. ಮೀನಿನ ಒಣ ಆಹಾರದಲ್ಲಿ ಪ್ರೋಟೀನ್ ಶೇ 45ರ ಹತ್ತಿರ ಇರುತ್ತದೆ, ಡಬ್ಬಿಯ ಮೇಲೆ ಬರೆದಿರುತ್ತಾರೆ. ಪ್ರೋಟೀನಿನ ಶೇ 16 ಸಾರಜನಕ. ಅಲ್ಲಿಗೆ 72 ಮಿಲಿಗ್ರಾಂ ಸಾರಜನಕ. ಅದೆಲ್ಲ ನೈಟ್ರೇಟ್ ಆದರೆ ಆಮ್ಲಜನಕವೂ ಸೇರಿ ತೂಕ ಹೆಚ್ಚುವುದರಿಂದ 4.43ರಿಂದ ಗುಣಿಸಬೇಕು, ಸುಮಾರು 320 ಮಿಲಿಗ್ರಾಂ. 200 ಲೀಟರಿಗೆ ಹಂಚಿದರೆ ದಿನಕ್ಕೆ 1.6, ವಾರಕ್ಕೆ 11. ಮೀನಿನ ಮೈಗೆ ಸ್ವಲ್ಪ ಹೋಗುತ್ತದೆ, ಸ್ಕಿಮ್ಮರ್ ಸ್ವಲ್ಪ ಎತ್ತುತ್ತದೆ. ಮೂರರಲ್ಲಿ ಎರಡು ಪಾಲು ಉಳಿಯಿತು ಅಂದರೂ ವಾರಕ್ಕೆ 7.5.

ಎರಡನೆಯದನ್ನು ಯಾರೂ ಗಮನಿಸುವುದಿಲ್ಲ. ನಮ್ಮದು ಒಣ ಹವೆ. ಮುಚ್ಚಳ ಇಲ್ಲದ ಟ್ಯಾಂಕಿನಿಂದ ದಿನಕ್ಕೆ ಎರಡೂವರೆ ಲೀಟರ್ ಆರಾಮಾಗಿ ಆರಿ ಹೋಗುತ್ತದೆ. ನೀವು ಅಷ್ಟನ್ನು ಆರ್‌ಒ ನೀರಿನಿಂದ ತುಂಬುತ್ತೀರಿ. ಆರಿ ಹೋಗುವುದು ಬರೀ ನೀರು, ನೈಟ್ರೇಟ್ ಹಿಂದೆಯೇ ಉಳಿಯುತ್ತದೆ. ದಿನಕ್ಕೆ 2.5 ಲೀಟರ್, ಲೀಟರಿಗೆ 30. ಒಂದು ವಾರಕ್ಕೆ ಟ್ಯಾಂಕಿಗೆ 2.6 ಸೇರಿತು. ತಿಂಗಳಿಗೆ 11. ಮೀನು ಒಂದೂ ಇಲ್ಲದಿದ್ದರೂ ಇದು ಏರುತ್ತಲೇ ಇರುತ್ತಿತ್ತು.

ಮೂರನೆಯದು ಭಾನುವಾರದ 40 ಲೀಟರ್. 80 ಇದ್ದದ್ದರಲ್ಲಿ ಐದನೇ ಒಂದು ಪಾಲು ತೆಗೆದರೆ 64 ಉಳಿಯಬೇಕು. ಆದರೆ ಹೊಸ ನೀರು ತನ್ನ ಜೊತೆ 6 ತಂದು ಹಾಕುತ್ತದೆ, 70 ಆಯಿತು. ವಾರದಲ್ಲಿ ಆಹಾರದಿಂದ 7.5, ತುಂಬಿದ ನೀರಿನಿಂದ 2.6. ಮುಂದಿನ ಭಾನುವಾರ ಮತ್ತೆ 80. ನಾಲ್ಕು ತಿಂಗಳಿಂದ ಅಲ್ಲೇ ನಿಂತಿರುವುದು ಇದಕ್ಕೇ. ಬಕೆಟ್ ಹೊರುವ ನಿಮ್ಮ ಶ್ರಮ ಸುಳ್ಳಲ್ಲ. ಅದು ಇಲ್ಲದಿದ್ದರೆ ಇನ್ನೂ ಎಲ್ಲಿಗೆ ಹೋಗುತ್ತಿತ್ತೋ.

ಈಗ ಇದೇ ಲೆಕ್ಕದಲ್ಲಿ ಹೊಸ ನೀರಿನ ನೈಟ್ರೇಟ್ ಸೊನ್ನೆ ಮಾಡಿ ನೋಡಿ. ಬೇರೆ ಏನನ್ನೂ ಬದಲಿಸಬೇಡಿ. ಅದು 37, 38ಕ್ಕೆ ಬಂದು ನಿಲ್ಲುತ್ತದೆ. ಆಹಾರವನ್ನೂ ಅರ್ಧ ಮಾಡಿದರೆ 19ರ ಹತ್ತಿರ. ಹೊಸ ಯಂತ್ರ ಒಂದೂ ಕೊಳ್ಳದೆ.

ಹಾಗಾದರೆ ಮಾಡಬೇಕಾದ್ದೇನು? ಸರ್ವಿಸ್‌ನವರನ್ನು ಕರೆದು ಮೆಂಬ್ರೇನಿನಿಂದ ಹೊರಬರುವ ಪೈಪಿಗೆ, ಬೋರ್ ನೀರು ಬೆರೆಯುವ ಜಾಗಕ್ಕಿಂತ ಮೊದಲೇ, ಒಂದು ಟೀ ಜಾಯಿಂಟ್ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿಸಿ ಸಣ್ಣ ನಲ್ಲಿ ಕೂರಿಸಿ. ಮನೆಯವರು ಕುಡಿಯುವ ನೀರಿನ ರುಚಿ ಹಾಗೇ ಇರಲಿ. ಟ್ಯಾಂಕಿಗೆ ಮಾತ್ರ ಈ ನಲ್ಲಿಯ ನೀರು. ಮೆಂಬ್ರೇನ್ ಒಂದೇ ನೈಟ್ರೇಟನ್ನು ಪೂರ್ತಿ ತಡೆಯುವುದಿಲ್ಲ. ಲವಣಗಳ ಪೈಕಿ ನೈಟ್ರೇಟ್ ಸ್ವಲ್ಪ ನುಸುಳುವ ಜಾತಿ. 100ರಲ್ಲಿ 10, 15 ದಾಟಿ ಬರಬಹುದು. ಅದಕ್ಕೆ ಆ ನಲ್ಲಿಯ ಮುಂದೆ ಒಂದು ಡಿಐ ರೆಸಿನ್ ಕಾರ್ಟ್ರಿಜ್ (ಉಳಿದ ಲವಣಗಳನ್ನು ಹಿಡಿದಿಡುವ ಹರಳುಗಳ ಕೊಳವೆ) ಹಾಕಿಸಿ. ಅದು ದಾಟಿದ ನೀರಿನ ಟಿಡಿಎಸ್ ಸೊನ್ನೆ ಬರಬೇಕು. ಮೀಟರ್ 3, 4 ತೋರಿಸಲು ಶುರುವಾದರೆ ರೆಸಿನ್ ಮುಗಿಯಿತು ಅಂತ ಅರ್ಥ. ಆಮೇಲೂ ಎಳೆದಾಡಬೇಡಿ. ಮುಗಿದ ರೆಸಿನ್ ಹಿಡಿದಿಟ್ಟ ನೈಟ್ರೇಟನ್ನು ಒಮ್ಮೊಮ್ಮೆ ವಾಪಸ್ ಬಿಡುತ್ತದೆ.

ಟ್ಯಾಂಕರ್ ನೀರು ತರಿಸಿ ನೆಲದಡಿಯ ಸಂಪ್‌ಗೆ ತುಂಬಿಸುವವರಿಗೂ ಒಂದು ಮಾತು. ಇವತ್ತಿನ ಟ್ಯಾಂಕರ್ ಒಂದು ಬೋರಿನದು, ನಾಳೆಯದು ಇನ್ನೊಂದರದು. ಪ್ರತಿ ಸಲ ಮೀಟರ್ ಅದ್ದಿ ನೋಡಿ.

ಕಿಟ್ ಬಗ್ಗೆಯೂ ಹೇಳಬೇಕು. ನೈಟ್ರೇಟ್ ಕಿಟ್ಟಿನ ಎರಡನೇ ಬಾಟಲಿಯ ಪುಡಿ ತಳದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಅರ್ಧ ನಿಮಿಷ ಜೋರಾಗಿ ಕುಲುಕದಿದ್ದರೆ ಟ್ಯಾಂಕಿನ ನೀರೂ ಸುಳ್ಳೇ 10 ತೋರಿಸುತ್ತದೆ. ಹಾಕಿದ ಮೇಲೆ ಟ್ಯೂಬನ್ನೂ ಒಂದು ನಿಮಿಷ ಕುಲುಕಬೇಕು. ಕಿಟ್ ಸರಿ ಇದೆಯಾ ಅಂತ ನೋಡಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದು ಪರೀಕ್ಷಿಸಿ, ಅದು ಸೊನ್ನೆ ಬರಬೇಕು. ಡಿಸ್ಟಿಲ್ಡ್ ವಾಟರನ್ನೇ ಕೇಳಿ ತನ್ನಿ, ಬ್ಯಾಟರಿ ಆಸಿಡ್ ಅಲ್ಲ. ಟ್ಯಾಂಕಿನ ನೀರು 80ರ ಮೇಲಿದ್ದಾಗ ಕೆಂಪಿನಲ್ಲಿ ಕೆಂಪು ಬಿಡಿಸುವುದು ಕಷ್ಟ. ಆಗ ಒಂದು ಪಾಲು ಟ್ಯಾಂಕಿನ ನೀರಿಗೆ ಮೂರು ಪಾಲು ಇದೇ ಡಿಸ್ಟಿಲ್ಡ್ ನೀರು ಬೆರೆಸಿ, ಬಂದ ಸಂಖ್ಯೆಯನ್ನು ನಾಲ್ಕರಿಂದ ಗುಣಿಸಿ. ಬಣ್ಣವನ್ನು ಟ್ಯೂಬ್‌ಲೈಟ್ ಕೆಳಗಲ್ಲ, ಹಗಲು ಬೆಳಕಿನಲ್ಲಿ ಕಿಟಕಿ ಹತ್ತಿರ ನೋಡಿ.

ಆಹಾರದ ವಿಚಾರ. ಕ್ಲೌನ್ ಮೀನು ನಿಮ್ಮನ್ನು ಕಂಡ ಕೂಡಲೇ ಗಾಜಿನ ಹತ್ತಿರ ಬಂದು ಕುಣಿಯುತ್ತದೆ. ಅದು ಹಸಿವಲ್ಲ, ಅಭ್ಯಾಸ. ದಿನಕ್ಕೆ ಒಂದೇ ಸಲ ಹಾಕಿ. ಅಥವಾ ಎರಡು ಸಲ ಒಂದೊಂದೇ ಚಿಟಿಕೆ. ಒಂದು ನಿಮಿಷದಲ್ಲಿ ಖಾಲಿಯಾಗಬೇಕು. ಮನೆಯಲ್ಲಿ ಯಾರು ಹಾಕಿದರು ಅಂತ ಗೊಂದಲ ಆಗದ ಹಾಗೆ ಈ ಕೆಲಸವನ್ನು ನಿಮ್ಮ ಮಗಳೊಬ್ಬಳಿಗೇ ವಹಿಸಿ.

ಕ್ಯಾನಿಸ್ಟರನ್ನು ಎಷ್ಟು ದಿನಕ್ಕೊಮ್ಮೆ ಬಿಚ್ಚುತ್ತೀರಿ ಅಂತ ನೀವು ಬರೆದಿಲ್ಲ. ತಿಂಗಳಿಗೊಮ್ಮೆಯಾದರೂ ಬಿಚ್ಚಿ. ಸ್ಪಾಂಜನ್ನು ಟ್ಯಾಂಕಿನಿಂದ ತೆಗೆದ ನೀರಿನ ಬಕೆಟ್‌ನಲ್ಲೇ ಹಿಂಡಿ. ಮೊದಲ ಹಿಂಡಿಗೆ ರಾಗಿ ಅಂಬಲಿಯ ಹಾಗೆ ಕಂದು ಗಸಿ ಇಳಿಯುತ್ತದೆ. ಅದೇ ಕೊಳೆಯುತ್ತಾ ನೈಟ್ರೇಟ್ ಆಗುತ್ತಿರುವ ಸರಕು. ಎರಡು ಸಲ ಹಿಂಡಿದರೆ ಸಾಕು, ಬೆಳ್ಳಗಾಗಬೇಕಿಲ್ಲ. ಸೆರಾಮಿಕ್ ರಿಂಗನ್ನು ಅದೇ ನೀರಿನಲ್ಲಿ ಸುಮ್ನೆ ಒಮ್ಮೆ ಅಲ್ಲಾಡಿಸಿ ಇಡಿ. ನಲ್ಲಿ ನೀರು ಬೇಡ. ಅದರಲ್ಲಿ ಕ್ಲೋರಿನ್ ಇರಬಹುದು. ಇಲ್ಲದಿದ್ದರೂ ಉಪ್ಪುನೀರಿಗೆ ಒಗ್ಗಿದ ಬ್ಯಾಕ್ಟೀರಿಯಾಕ್ಕೆ ಸಿಹಿನೀರು ದೊಡ್ಡ ಪೆಟ್ಟು. ಬಿಳಿ ಹತ್ತಿ ಪದರ ಇದ್ದರೆ ಮೂರು ನಾಲ್ಕು ದಿನಕ್ಕೊಮ್ಮೆ ಬದಲಿಸಿ. ಸಿಕ್ಕಿದ ಕೊಳೆ ಕರಗುವ ಮೊದಲೇ ಹೊರಗೆ ಹೋಗುತ್ತದೆ.

ಕರೆಂಟ್ ವಿಷಯ ನನ್ನ ಅನುಭವದಿಂದ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಕೋಲಾರದ ನಮ್ಮ ಮನೆಯಲ್ಲಿ ಬೇಸಿಗೆಯ ಒಂದು ಮಳೆ ರಾತ್ರಿ ಒಂಬತ್ತು ಗಂಟೆ ಕಾಲ ಕರೆಂಟ್ ಇರಲಿಲ್ಲ. ಟ್ಯಾಂಕಿಗೆ ಬ್ಯಾಟರಿ ಏರ್ ಪಂಪ್ ಹಾಕಿದ್ದೆ, ಮೀನುಗಳು ಚೆನ್ನಾಗಿದ್ದವು. ಕರೆಂಟ್ ಬಂತು, ಕ್ಯಾನಿಸ್ಟರ್ ತಾನಾಗಿ ಶುರುವಾಯಿತು. ಅರ್ಧ ಗಂಟೆಯಲ್ಲಿ ಹಾಲ್‌ನಲ್ಲಿ ಕೊಳೆತ ಮೊಟ್ಟೆಯ ವಾಸನೆ. ಬೆಳಗ್ಗೆ ಹೊತ್ತಿಗೆ ಮೂರು ಮೀನು ಸತ್ತಿದ್ದವು. ಮುಚ್ಚಿದ ಡಬ್ಬಿಯೊಳಗೆ ನೀರು ನಿಂತಾಗ ಆಮ್ಲಜನಕ ಬೇಗ ಮುಗಿಯುತ್ತದೆ, ಬ್ಯಾಕ್ಟೀರಿಯಾ ಸಾಯುತ್ತದೆ, ಕೊಳೆ ವಿಷವಾಗುತ್ತದೆ. ಅದೆಲ್ಲ ಒಂದೇ ಸಲ ಟ್ಯಾಂಕಿಗೆ ಬಂದಿತ್ತು. ಅವತ್ತಿನಿಂದ ಒಂದು ನಿಯಮ ಮಾಡಿಕೊಂಡಿದ್ದೇನೆ. ಎರಡು ಮೂರು ಗಂಟೆಗಿಂತ ಜಾಸ್ತಿ ಕರೆಂಟ್ ಹೋಗಿದ್ದರೆ ಕ್ಯಾನಿಸ್ಟರಿನ ಸ್ವಿಚ್ ಆಫ್ ಮಾಡಿಡಬೇಕು, ಬಂದ ಮೇಲೆ ಅದರ ನೀರನ್ನು ಚೆಲ್ಲಿ, ಟ್ಯಾಂಕಿನ ನೀರಿನಲ್ಲಿ ಜಾಲಿಸಿಯೇ ಹಾಕಬೇಕು. ನಮ್ಮ ಊರುಗಳು ಸಮುದ್ರ ಮಟ್ಟದಿಂದ 800, 900 ಮೀಟರ್ ಎತ್ತರದಲ್ಲಿವೆ. ಇಲ್ಲಿ ನೀರು ಹಿಡಿದುಕೊಳ್ಳುವ ಆಮ್ಲಜನಕ ಮಂಗಳೂರಿಗಿಂತ ಹತ್ತನೇ ಒಂದು ಪಾಲು ಕಡಿಮೆ. ಉಪ್ಪುನೀರು ಸಿಹಿನೀರಿಗಿಂತ ಮೊದಲೇ ಕಡಿಮೆ ಹಿಡಿಯುತ್ತದೆ. ಕಡಲ ತೀರದವರು ಕೊಡುವ ಸಲಹೆಯಲ್ಲಿ ಇರುವಷ್ಟು ಸಮಯ ನಮಗೆ ಇರುವುದಿಲ್ಲ.

ನೈಟ್ರೇಟನ್ನು ನಿಜವಾಗಿ ತೆಗೆಯುವ ಬ್ಯಾಕ್ಟೀರಿಯಾ ಇಲ್ಲವೇ ಅಂತ ಕೇಳಬಹುದು. ಇವೆ. ಅವು ಆಮ್ಲಜನಕ ಇಲ್ಲದ ಕಡೆ ಬದುಕುತ್ತವೆ. ರಂಧ್ರ ಜಾಸ್ತಿ ಇರುವ ಕಲ್ಲಿನ ಒಳಭಾಗದಲ್ಲಿ, ಹತ್ತು ಸೆಂಟಿಮೀಟರಿಗಿಂತ ಆಳದ ಮರಳಿನ ಕೆಳಗೆ. ಉಸಿರಾಟಕ್ಕೆ ನೈಟ್ರೇಟಿನ ಆಮ್ಲಜನಕವನ್ನು ಬಳಸಿಕೊಂಡು ಸಾರಜನಕವನ್ನು ಅನಿಲವಾಗಿ ಬಿಡುತ್ತವೆ. ಅದು ಗುಳ್ಳೆಯಾಗಿ ಗಾಳಿಗೆ ಹೋಗುತ್ತದೆ. ಆಳದ ಮರಳು ನಿಮ್ಮ ಅಳತೆಯ ಟ್ಯಾಂಕಿಗೆ ಬೇಡ, ಕೆದಕಿದರೆ ಮೇಲೆ ಹೇಳಿದ ಅದೇ ವಾಸನೆ, ಅದೇ ಅಪಾಯ. ಕಲ್ಲು ಒಳ್ಳೆಯದು. ಆದರೆ ಸಮುದ್ರದಿಂದ ಕಿತ್ತು ತಂದ ಲೈವ್ ರಾಕ್ (ಜೀವಿಗಳು ಅಂಟಿಕೊಂಡ ಹವಳದ ಕಲ್ಲು) ಯಾರಾದರೂ ಕೊಡುತ್ತೇನೆ ಅಂದರೆ ಬೇಡ ಅನ್ನಿ. ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿದ್ದಾರೆ. ಕೃತಕವಾಗಿ ಮಾಡಿದ ರಂಧ್ರದ ಕಲ್ಲು, ಸೆರಾಮಿಕ್ ಇಟ್ಟಿಗೆ ಸಿಗುತ್ತವೆ. ಅವು ಕೆಲಸಕ್ಕೆ ಬರಲು ಕೆಲವು ತಿಂಗಳು ಬೇಕು, ಕಾಯಿರಿ.

ವಿನೆಗರ್ ಹಾಕುವ ವಿಧಾನವನ್ನೂ ನೀವು ಕೇಳಿರಬಹುದು. ಅದು ಸುಳ್ಳಲ್ಲ. ವಿನೆಗರಿನ ಇಂಗಾಲ ತಿಂದು ಬ್ಯಾಕ್ಟೀರಿಯಾ ಬೆಳೆಯುತ್ತದೆ, ಬೆಳೆಯುವಾಗ ನೈಟ್ರೇಟ್ ಮತ್ತು ಫಾಸ್ಫೇಟ್ ಎಳೆದುಕೊಳ್ಳುತ್ತದೆ, ಆ ಬ್ಯಾಕ್ಟೀರಿಯಾವನ್ನು ಸ್ಕಿಮ್ಮರ್ ನೊರೆಯಲ್ಲಿ ಎತ್ತಿ ಹಾಕುತ್ತದೆ. ಆದರೆ ಹೀಗೆ ಬೆಳೆಯುವಾಗ ಅದು ನೀರಿನ ಆಮ್ಲಜನಕವನ್ನೂ ಎಳೆಯುತ್ತದೆ. ನಿಮ್ಮ ಸ್ಕಿಮ್ಮರ್ ಚಿಕ್ಕದು, ನಮ್ಮದು ಎತ್ತರದ ಊರು, ಕರೆಂಟಿನ ಭರವಸೆ ಇಲ್ಲ. ನಾನಾದರೆ ನಿಮ್ಮ ಟ್ಯಾಂಕಿಗೆ ಇದನ್ನು ಈಗ ಹಾಕುವುದಿಲ್ಲ. ಬರುವ ನೈಟ್ರೇಟನ್ನೇ ತಡೆಯಬಹುದಾಗಿರುವಾಗ ಒಳಗೆ ಬಿಟ್ಟು ತೆಗೆಯುವುದೇಕೆ?

ಇನ್ನು ಅನಿಮೋನ್. ನಿಮ್ಮ ಮಗಳಿಗೆ ಹೇಳಿ, ಕ್ಲೌನ್ ಮೀನಿಗೆ ಟ್ಯಾಂಕಿನಲ್ಲಿ ಅದು ಬೇಕೇ ಬೇಕು ಅಂತಿಲ್ಲ. ಸಮುದ್ರದಲ್ಲಿ ಶತ್ರುಗಳಿಂದ ತಪ್ಪಿಸಿಕೊಳ್ಳಲು ಅದರ ಮರೆ ಬೇಕು. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನನ್ನು ಹ್ಯಾಚರಿಯಲ್ಲಿ ಮರಿ ಮಾಡಿಸುವ ವಿಧಾನ ರೂಪಿಸಿದ್ದಾರೆ. ಹ್ಯಾಚರಿಯ ಮರಿಗಳು ಅನಿಮೋನನ್ನು ನೋಡದೆಯೇ ದೊಡ್ಡವಾಗುತ್ತವೆ. ಅನಿಮೋನ್ ಮಾತ್ರ ಬಲು ಸೂಕ್ಷ್ಮ, ಜೋರು ಬೆಳಕು ಬೇಕು, ಏರುಪೇರಿಲ್ಲದ ನೀರು ಬೇಕು. ಸತ್ತರೆ ಒಂದೇ ರಾತ್ರಿಯಲ್ಲಿ ಟ್ಯಾಂಕನ್ನೆಲ್ಲ ಕೆಡಿಸುತ್ತದೆ. ನೈಟ್ರೇಟ್ 10ರ ಆಸುಪಾಸಿನಲ್ಲಿ ಆರು ತಿಂಗಳು ಅಲುಗದೆ ನಿಲ್ಲಲಿ, ಆಮೇಲೆ ಮಾತಾಡೋಣ. ಸೊನ್ನೆಗೆ ಇಳಿಸಲು ಹೋಗಬೇಡಿ. ಪೂರ್ತಿ ಸೊನ್ನೆಯಾದ ಟ್ಯಾಂಕುಗಳಲ್ಲಿ ಕಂದು ಲೋಳೆಯ ಇನ್ನೊಂದು ಕಾಟ ಹತ್ತಿಕೊಳ್ಳುತ್ತದೆ.

ಒಂದೇ ದಿನ ಅರ್ಧ ಟ್ಯಾಂಕ್ ಬದಲಿಸಿ 80ರಿಂದ 40ಕ್ಕೆ ಬೀಳಿಸುವುದೂ ಬೇಡ. ಮೀನುಗಳು ಈ ನೀರಿಗೆ ಒಗ್ಗಿವೆ. ಭಾನುವಾರದ 40 ಲೀಟರ್ ಹಾಗೇ ಮುಂದುವರಿಸಿ. ನೀರು ಶುದ್ಧ ಮಾಡಿಕೊಂಡು, ಆಹಾರ ಅರ್ಧ ಮಾಡಿದರೆ, ನೀರು ಬದಲಿಸುವ ಮೊದಲು ಪ್ರತಿ ಭಾನುವಾರ ಬರಬೇಕಾದ ಸಂಖ್ಯೆಗಳು ಹೀಗೆ: 68, 58, 50, 44, 39, 35. ಕ್ಯಾಲೆಂಡರಿನ ಆಯಾ ಭಾನುವಾರದ ಚೌಕದಲ್ಲಿ ಬರೆದಿಡಿ, ಕಿಟ್‌ನಲ್ಲಿ ಬಂದದ್ದನ್ನು ಪಕ್ಕದಲ್ಲಿ ಬರೆಯಿರಿ. ಬಣ್ಣ ನೋಡಿ ಹೇಳುವ ಕಿಟ್ ಆದ್ದರಿಂದ ಸ್ವಲ್ಪ ಆಚೆ ಈಚೆ ಬರುತ್ತದೆ. ಆರನೇ ಭಾನುವಾರವೂ 60ರ ಮೇಲೇ ಇದ್ದರೆ ಮೊದಲು ಹೊಸ ನಲ್ಲಿಯ ನೀರನ್ನು ಮತ್ತೆ ಪರೀಕ್ಷಿಸಿ. ಅದು ಸೊನ್ನೆ ಇದ್ದರೆ ಕಲ್ಲುಗಳನ್ನು ಒಂದೊಂದೇ ಎತ್ತಿ, ಹಿಂದುಗಡೆ ಗಾಜಿಗೂ ಕಲ್ಲಿಗೂ ನಡುವೆ ಟಾರ್ಚ್ ಹಾಕಿ ನೋಡಿ. ಅಲ್ಲಿ ಹತ್ತು ತಿಂಗಳ ಗಸಿ ಕೂತಿರುತ್ತದೆ. ಭಾನುವಾರ ತೆಗೆಯುವ 40 ಲೀಟರನ್ನು ಮೇಲಿನಿಂದ ಮಗ್‌ನಲ್ಲಿ ಮೊಗೆಯುವ ಬದಲು ಒಂದು ಪೈಪ್ ಹಾಕಿ ಆ ಮೂಲೆಯಿಂದಲೇ ಎಳೆಯಿರಿ.